ಉಪವಾಸವೂ ಅನ್ನಪಾನನಿರೋಧವೂ

ಶ್ರೀ ವೀತರಾಗಾಯ ನಮಃ



ಅಷ್ಟಮಿ ಚತುರ್ದಶಿಗಳ ಪ್ರೋಷಧ, ವರ್ಷಕ್ಕೆ ಮೂರು ಸಲ ಬರುವ ಆಷ್ಟಾಹ್ನಿಕ, ಭಾದ್ರಪದದ ದಶಲಕ್ಷಣ ಪರ್ವ, ಒಂದೊಂದು ಮನೆತನದಲ್ಲಿಯೂ ನಡೆದುಬಂದ ನೋಂಪಿಗಳು, ಇವೆಲ್ಲವುಗಳ ದೆಸೆಯಿಂದ ಊಟವನ್ನು ಬಿಡುವುದು ಹೇಗೆಂಬುದನ್ನು ನಮ್ಮ ಸಮಾಜಕ್ಕೆ ಹೊಸದಾಗಿ ಕಲಿಸಬೇಕಾಗಿಲ್ಲ. ಅಜ್ಜಿಯ ಮಗ್ಗುಲಲ್ಲಿ ಕುಳಿತು ನೋಂಪಿಯ ಕಥೆ ಕೇಳುತ್ತಲೇ ಮಕ್ಕಳು ಅದನ್ನು ಕಲಿಯುತ್ತಾರೆ. ಆದರೆ ಊಟವಿಲ್ಲದಿರುವುದನ್ನು ಕುರಿತು ಶಾಸ್ತ್ರದಲ್ಲಿ ಎರಡು ಮಾತುಗಳಿವೆ. ಒಂದು ಅನಶನ, ಅದು ಆರು ಬಾಹ್ಯ ತಪಗಳಲ್ಲಿ ಮೊದಲನೆಯದು. ಇನ್ನೊಂದು ಅನ್ನಪಾನನಿರೋಧ, ಅದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು. ಎರಡರಲ್ಲಿಯೂ ಹೊರಗಣ್ಣಿಗೆ ಕಾಣುವುದು ಬರಿದಾದ ಒಂದು ತಟ್ಟೆ ಮಾತ್ರ. ತಿಳಿದು, ಒಪ್ಪಿ, ಸಮತೆಯಿಂದ ತನ್ನ ತಟ್ಟೆಯನ್ನು ತಾನೇ ಬರಿದು ಮಾಡಿಕೊಂಡರೆ ಅದು ನಿರ್ಜರೆಗೆ ಕಾರಣ. ನಮ್ಮನ್ನು ನೆಚ್ಚಿದವರ ತಟ್ಟೆ ನಮ್ಮಿಂದಾಗಿ ಬರಿದಾದರೆ ಅದು ಬಂಧಕ್ಕೆ ಕಾರಣ. ಮೊದಲನೆಯದನ್ನು ನಾವು ಎಷ್ಟು ಶ್ರದ್ಧೆಯಿಂದ ಆಚರಿಸುತ್ತೇವೆಯೋ ಎರಡನೆಯದನ್ನು ಅಷ್ಟೇ ಎಚ್ಚರದಿಂದ ದೂರವಿಟ್ಟಿದ್ದೇವೆಯೇ ಎಂಬುದನ್ನು ಇಂದು ವಿಚಾರಮಾಡೋಣ.

ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಈ ಐದು ಅತಿಚಾರಗಳನ್ನು ಹೆಸರಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊನೆಯದನ್ನು ಆಹಾರವಾರಣೆಯೆಂದು ಕರೆದಿದ್ದಾರೆ. ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಹೊರಲಾಗದ ಹೊರೆ ಹೊರಿಸುವುದು ಎಂಬ ಕ್ರೂರಕರ್ಮಗಳ ಸಾಲಿನಲ್ಲಿಯೇ, ಹೊತ್ತಿಗೆ ಅನ್ನ ನೀರು ದೊರೆಯದಂತೆ ಮಾಡುವುದನ್ನೂ ಆಚಾರ್ಯರು ಇರಿಸಿದ್ದಾರೆಂಬುದನ್ನು ಲಕ್ಷಿಸಬೇಕು. ಹೊಡೆತದ ಬಾಸುಂಡೆ ಮೈಮೇಲೆ ಕಾಣುತ್ತದೆ. ಹಸಿವಿನ ಬಾಸುಂಡೆ ಕಾಣುವುದಿಲ್ಲ. ಕಾಣದ್ದರಿಂದಲೇ ಅದನ್ನು ಹಿಂಸೆಯೆಂದು ಎಣಿಸದೆ ಮರೆತುಬಿಡುವುದು ಸುಲಭವಾಗಿದೆ.

ಕೊಟ್ಟಿಗೆಯ ದನಕ್ಕೆ ಹೊತ್ತಿಗೆ ಹುಲ್ಲು ನೀರು ಕೊಡದಿದ್ದರೆ ಪಾಪವೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದರೆ ನಮ್ಮ ಅಡುಗೆಮನೆಯನ್ನೇ ನೆಚ್ಚಿದ ಮನುಷ್ಯಜೀವಗಳನ್ನೂ ಈ ಕಣ್ಣಿನಿಂದ ನೋಡಬೇಕು. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಳಿದುದನ್ನು ಉಣ್ಣುವ ಸೊಸೆ; ಬಸುರಿಯಾಗಿದ್ದರೂ ಹಿರಿಯರು ಏನೆಂದಾರೆಂಬ ಅಂಜಿಕೆಯಿಂದ ನೋಂಪಿ ಹಿಡಿಯುವ ಹೆಣ್ಣುಮಗಳು; ನಮ್ಮ ತೋಟದಲ್ಲಿ ದುಡಿಯುವವಳು ಕೆಲಸಕ್ಕೆ ಕರೆತರುವ ಮಗು; ಇವರ ತಟ್ಟೆಯಲ್ಲಿ ಏನಿದೆಯೆಂದು ವಿಚಾರಿಸುವುದು ಕೇವಲ ಲೋಕರೂಢಿಯ ಉಪಕಾರವಲ್ಲ, ಅಣುವ್ರತದ ರಕ್ಷಣೆ.

ಇದು ಊಹೆಯ ಮಾತಲ್ಲ. 2019 ರಿಂದ 2021 ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15 ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯಿದೆ. ಆರು ತಿಂಗಳು ತುಂಬಿ ಐದು ವರ್ಷ ಮುಟ್ಟದ ಮಕ್ಕಳಲ್ಲಿ ನೂರಕ್ಕೆ 65.5 ಮಕ್ಕಳಿಗೆ ಅದೇ ಕೊರತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಬಸದಿಯ ಬೀದಿಯಲ್ಲಿರುವವರೆಲ್ಲರೂ ಈ ಲೆಕ್ಕದ ಹೊರಗಿದ್ದಾರೆಂದು ನಂಬುವುದಕ್ಕೆ ಕಾರಣವಿಲ್ಲ.

ಹಾಗಾದರೆ ವ್ರತವನ್ನು ಬಿಡಬೇಕೆ? ಖಂಡಿತವಾಗಿಯೂ ಇಲ್ಲ. ವ್ರತವನ್ನು ಅದರ ಸ್ವರೂಪವರಿತು ಹಿಡಿಯಬೇಕು. ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತಪದ ಭಾವನೆಗೆ ಶಕ್ತಿತಸ್ತಪವೆಂಬ ಹೆಸರಿದೆ. ಶಕ್ತಿಯನ್ನು ಮರೆಮಾಚದೆಯೂ ಮೀರದೆಯೂ ಮಾಡುವ ತಪವೆಂಬುದು ಅದರ ತಾತ್ಪರ್ಯ. ಬಲವಿದ್ದೂ ಸೋಮಾರಿತನದಿಂದ ಉಪವಾಸವನ್ನು ತಪ್ಪಿಸಿಕೊಳ್ಳುವುದು ಒಂದು ದೋಷವಾದರೆ, ಬಲವಿಲ್ಲದ ದೇಹವನ್ನು ನೆರೆಮನೆಯವರ ಎಣಿಕೆಗಾಗಿ ದಂಡಿಸುವುದು ಇನ್ನೊಂದು ದೋಷ. ಅಂತಹ ಉಪವಾಸದಲ್ಲಿ ಕಷಾಯ ಕ್ಷೀಣಿಸುವುದಿಲ್ಲ, ಮಾನಕಷಾಯ ಪುಷ್ಟಿಗೊಳ್ಳುತ್ತದೆ.

ಅವಮೌದರ್ಯವೆಂಬ ಎರಡನೆಯ ಬಾಹ್ಯ ತಪವನ್ನು ನೋಡಿರಿ. ಪುರುಷನ ಪೂರ್ಣ ಆಹಾರ ಮೂವತ್ತೆರಡು ತುತ್ತು, ಸ್ತ್ರೀಯದು ಇಪ್ಪತ್ತೆಂಟು ತುತ್ತು ಎಂದು ಪರಂಪರೆ ಮೊದಲು ಅಳತೆ ಹೇಳುತ್ತದೆ. ಅದರಲ್ಲಿ ಒಂದು ತುತ್ತನ್ನು ಕಡಮೆ ಮಾಡುವುದರಿಂದ ಮೊದಲಾಗಿ ಒಂದೇ ತುತ್ತಿಗೆ ಇಳಿಯುವವರೆಗೆ ಈ ತಪದ ಮೆಟ್ಟಿಲುಗಳಿವೆ. ಪೂರ್ಣವೆಷ್ಟೆಂಬುದನ್ನು ಹೇಳಿದ ಮೇಲೆಯೇ ಆಚಾರ್ಯರು ಊನವನ್ನು ಹೇಳಿದರು. ಇಪ್ಪತ್ತೆಂಟು ತುತ್ತನ್ನು ಎಂದೂ ಕಾಣದವಳಿಗೆ ಇಪ್ಪತ್ತು ತುತ್ತು ತಪವಾಗುವುದೆಂತು? ಅದು ಕೊರತೆ. ಕೊರತೆಗೆ ತಪವೆಂಬ ಹೆಸರಿಟ್ಟು ಸಮಾಧಾನ ಪಡುವುದು ನಮಗೆ ಒಪ್ಪುವ ಕೆಲಸವಲ್ಲ.

ಆದುದರಿಂದ ಬಸುರಿ, ಬಾಣಂತಿ, ಬೆಳೆಯುವ ಮಗು, ದುರ್ಬಲರಾದ ವೃದ್ಧರು ಇವರಿಗೆ ನಿರಾಹಾರ ಉಪವಾಸವನ್ನು ಯಾರೂ ಒತ್ತಾಯಿಸಕೂಡದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಏಕಾಏಕಿ ಇಳಿದು ಪ್ರಾಣಕ್ಕೇ ಅಪಾಯವಾದೀತು. ವೈದ್ಯರ ಸಲಹೆ ಪಡೆಯದೆ ಅವರು ವ್ರತವನ್ನು ನಿಶ್ಚಯಿಸಬಾರದು. ಇಂಥವರಿಗೆ ರಸಪರಿತ್ಯಾಗವಿದೆ, ಸ್ವಾಧ್ಯಾಯವಿದೆ, ವೈಯಾವೃತ್ಯವಿದೆ, ಧ್ಯಾನವಿದೆ. ಹನ್ನೆರಡು ತಪಗಳಲ್ಲಿ ಅನಶನ ಒಂದು ಮಾತ್ರ.

ಇನ್ನು ಅಡುಗೆಮನೆಯ ಮಾತು. ನಮ್ಮ ಆಹಾರದ ಮರ್ಯಾದೆಗಳನ್ನು ಕಾಪಾಡಿಕೊಂಡೇ ದೇಹಕ್ಕೆ ಬೇಕಾದುದನ್ನು ಒದಗಿಸಲು ಸಾಧ್ಯ. ಆದರೆ ಅದಕ್ಕೆ ಸ್ವಲ್ಪ ತಿಳಿವಳಿಕೆ ಬೇಕು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮಿಕ್ಕಿದ ಸುಣ್ಣದ ಅಂಶವಿದೆ. ತೊಗರಿ, ಹೆಸರು, ಹುರುಳಿ, ಕಡಲೆಗಳಲ್ಲಿ ಸಸಾರಜನಕವೂ ಕಬ್ಬಿಣದ ಅಂಶವೂ ಇವೆ. ಧಾನ್ಯ ಬೇಳೆಗಳ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಊಟದೊಡನೆ ನಿಂಬೆಯ ರಸವೋ ನೆಲ್ಲಿಕಾಯಿಯೋ ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಊಟದ ಬೆನ್ನಿಗೇ ಚಹಾ ಕಾಫಿ ಕುಡಿದರೆ ಅದು ಕಡಮೆಯಾಗುತ್ತದೆ. ಬಿ-12 ಎಂಬ ಜೀವಸತ್ವ ಸಸ್ಯಾಹಾರದಲ್ಲಿ ಹಾಲು ಮೊಸರುಗಳಿಂದಲೇ ಬರಬೇಕು. ದ್ವಿದಳದ ದೋಷವನ್ನು ಪಾಲಿಸುವ ಮನೆಗಳಲ್ಲಿ ಬೇಳೆಯ ಊಟದಲ್ಲಿ ಮೊಸರು ಬೇಡವೆಂದಾದರೆ ಬೇರೆ ಹೊತ್ತಿನಲ್ಲಿ ಕಾಯಿಸಿದ ಹಾಲಿರಲಿ. ನಿಯಮದ ಹೆಸರಿನಲ್ಲಿ ಎರಡೂ ತಪ್ಪಿಹೋಗಬಾರದು. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುವವರು ಅದರ ಸ್ಥಾನವನ್ನು ಬರಿಯ ಅನ್ನ ಸಾರಿಗೆ ಬಿಟ್ಟುಕೊಡದೆ ರಾಗಿ, ಬೇಳೆ, ಎಳ್ಳುಗಳಿಂದ ತುಂಬಬೇಕು. ಪಾರಣೆಯ ದಿನ ಬರಿದಾದ ಹೊಟ್ಟೆಗೆ ಕರಿದ ತಿಂಡಿಯನ್ನೂ ಸಿಹಿಯನ್ನೂ ತುಂಬುವ ಬದಲು ಗಂಜಿ, ಹೆಸರುಬೇಳೆಗಳ ಮೃದುವಾದ ಆಹಾರದಿಂದ ತೊಡಗುವುದು ಲೇಸು.

ಸೋಸಿದ ನೀರು ನಮ್ಮ ಕುಲದ ಗುರುತು. ಬಟ್ಟೆಯಲ್ಲಿ ಸೋಸುವುದರಿಂದ ಕಣ್ಣಿಗೆ ಕಾಣುವ ಜೀವಗಳ ರಕ್ಷಣೆಯಾದರೂ ರೋಗ ತರುವ ಸೂಕ್ಷ್ಮಾಣುಗಳೆಲ್ಲ ಅದರಿಂದ ತಡೆಯಲ್ಪಡುವುದಿಲ್ಲ. ವ್ರತಿಗಳಿಗಾಗಿ ಕಾಯಿಸಿ ಪ್ರಾಸುಕ ಮಾಡುವ ಪದ್ಧತಿ ನಮ್ಮಲ್ಲಿಯೇ ಇದೆ. ಸೋಸಿ ಕುದಿಸಿದ ಅಂತಹ ನೀರು ಮನೆಯ ಎಳೆಯ ಮಕ್ಕಳಿಗೂ ದೊರೆಯಲಿ.

ಮನೆಯೊಳಗಿನ ಈ ಎಚ್ಚರ ಮನೆಯ ಹೊರಗೂ ನಡೆಯಬೇಕಾದುದು ಶ್ರಾವಕಧರ್ಮ. ಇಲ್ಲಿ ಕೆಲವರು ಒಂದು ಶಂಕೆಯನ್ನು ಎತ್ತುವುದುಂಟು. ಹಸಿದವನ ಹಸಿವು ಅವನ ಅಂತರಾಯ ಕರ್ಮದ ಉದಯ. ಅದಕ್ಕೆ ನಾವೇನು ಮಾಡಬಲ್ಲೆವು ಎಂದು. ಕರ್ಮೋದಯ ನಿಜ. ಆದರೆ ಇನ್ನೊಬ್ಬರ ಲಾಭ ಭೋಗಗಳಿಗೆ ವಿಘ್ನವನ್ನುಂಟುಮಾಡುವುದೇ ಹೊಸ ಅಂತರಾಯದ ಆಸ್ರವಕ್ಕೆ ಕಾರಣವೆಂದು ಅದೇ ಕರ್ಮಸಿದ್ಧಾಂತ ಸಾರುತ್ತದೆ. ಅವನ ಕರ್ಮವನ್ನು ಎಣಿಸುವ ಮೊದಲು ನಮ್ಮದನ್ನು ಎಣಿಸಿಕೊಳ್ಳಬೇಕು. ಇನ್ನು ಕೆಲವರು, ದಾನಕ್ಕೆ ಪಾತ್ರರು ಮುನಿಗಳೂ ವ್ರತಿಗಳೂ ಅಲ್ಲವೇ ಎನ್ನುತ್ತಾರೆ. ಪಾತ್ರದತ್ತಿಯ ಮಹಿಮೆ ದೊಡ್ಡದು, ನಿಶ್ಚಯ. ಆದರೆ ಜಿನಸೇನಾಚಾರ್ಯರ ಮಹಾಪುರಾಣದಲ್ಲಿ ಹೇಳಿರುವ ನಾಲ್ಕು ದತ್ತಿಗಳಲ್ಲಿ ದಯಾದತ್ತಿಯೂ ಒಂದು. ಅಲ್ಲಿ ಪಡೆಯುವವನ ಮತ ಕುಲಗಳನ್ನು ವಿಚಾರಿಸುವ ಪ್ರಸಕ್ತಿಯೇ ಇಲ್ಲ. ಅವನ ದುಃಖವೇ ಅವನ ಅರ್ಹತೆ.

ದಾನಕ್ಕೆ ದಯೆಯೊಂದೇ ಸಾಲದು, ಜ್ಞಾನವೂ ಬೇಕೆಂಬುದಕ್ಕೆ ಆದಿನಾಥ ಸ್ವಾಮಿಯ ಚರಿತ್ರೆಯೇ ಸಾಕ್ಷಿ. ಆರು ತಿಂಗಳ ಯೋಗವನ್ನು ಮುಗಿಸಿ ಸ್ವಾಮಿ ಚರಿಗೆಗೆ ಹೊರಟಾಗ ಜನರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಆನೆ ಕುದುರೆಗಳನ್ನು ತಂದರು, ರತ್ನಗಳನ್ನು ತಂದರು, ಕನ್ಯೆಯರನ್ನು ತಂದು ನಿಲ್ಲಿಸಿದರು. ಆಹಾರದಾನದ ವಿಧಿಯನ್ನು ಬಲ್ಲವರು ಮಾತ್ರ ಯಾರೂ ಇರಲಿಲ್ಲ. ಕಡೆಗೆ ಹಸ್ತಿನಾಪುರದ ಶ್ರೇಯಾಂಸ ಕುಮಾರನು ಪೂರ್ವಜನ್ಮದ ಸ್ಮರಣೆಯಿಂದ ವಿಧಿಯನ್ನರಿತು ಕಬ್ಬಿನ ಹಾಲನ್ನು ನೀಡಿದನು. ಆ ದಿನವೇ ಅಕ್ಷಯ ತೃತೀಯೆ. ಬೇಡದ್ದನ್ನು ಬೆಟ್ಟದಷ್ಟು ಕೊಡುವುದಕ್ಕಿಂತ ಬೇಕಾದ ಬೊಗಸೆಯಷ್ಟನ್ನು ಹೊತ್ತಿಗೆ ಕೊಡುವುದು ದೊಡ್ಡದು. ಉದ್ಯಾಪನೆಯ ದಿನ ಊರಿನ ಮಕ್ಕಳನ್ನು ಕರೆದು ಲಾಡು ಹಂಚಿ ಮರುದಿನ ಮರೆಯುವ ನಾವು ಈ ಕಥೆಯನ್ನು ಇನ್ನೊಮ್ಮೆ ಓದಬೇಕಾಗಿದೆ.

ನೆಲ ಸಿದ್ಧವಾಗಿಯೇ ಇದೆ. ನಮ್ಮ ರಾಜ್ಯದಲ್ಲಿ ಮೊದಲ ಅಂಗನವಾಡಿಗಳು 1975ರ ಅಕ್ಟೋಬರ್ 2 ರಂದು ಟಿ. ನರಸೀಪುರ ತಾಲ್ಲೂಕಿನಲ್ಲಿ ಆರಂಭವಾದವು. 2002 ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ, 2013 ರಲ್ಲಿ ಕ್ಷೀರಭಾಗ್ಯದ ಹಾಲು, 2017 ರಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಊಟ ನೀಡುವ ಮಾತೃಪೂರ್ಣ ಯೋಜನೆ ಬಂದವು. ಅನ್ನ, ಔಷಧ, ವಿದ್ಯೆ, ಅಭಯಗಳೆಂಬ ಚತುರ್ವಿಧ ದಾನ ಒಂದೆಡೆ ನಿತ್ಯವೂ ನಡೆಯಬಲ್ಲುದೆಂಬುದಕ್ಕೆ ಧರ್ಮಸ್ಥಳದ ಪರಂಪರೆ ನಮ್ಮ ಕಣ್ಣೆದುರಿಗಿದೆ. ಪ್ರತಿಯೊಂದು ಊರಿನ ಬಸದಿಯೂ ಅಷ್ಟು ದೊಡ್ಡದನ್ನು ಮಾಡಲಾರದು. ತನ್ನ ಬೀದಿಯ ಅಂಗನವಾಡಿಯನ್ನು ಅರಿಯಬಲ್ಲುದು.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡಾಯಿತು. ಮೊಟ್ಟೆ ನಮಗೆ ವರ್ಜ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಸಸಾರಜನಕವಿದ್ದರೆ ಒಂದು ಬಾಳೆಹಣ್ಣಿನಲ್ಲಿ ಸುಮಾರು ಒಂದು ಗ್ರಾಂ ಮಾತ್ರ. ಬಡವರ ಮಗುವಿನ ತಟ್ಟೆಯನ್ನು ನೋಡಿ ಅದು ಬೇಡವೆಂದು ನುಡಿದು, ಅದರ ಸ್ಥಾನದಲ್ಲಿ ಏನನ್ನೂ ಇಡದೆ ಹಿಂತಿರುಗುವವನ ಅಹಿಂಸೆಯ ಮೇಲೆ ಅನ್ನಪಾನನಿರೋಧದ ನೆರಳು ಬೀಳುತ್ತದೆ. ಇಪ್ಪತ್ತೈದು ಗ್ರಾಂ ಕಡಲೆಕಾಯಿ ಬೀಜದಲ್ಲಿಯೂ ಸುಮಾರು ಆರು ಗ್ರಾಂ ಸಸಾರಜನಕವುಂಟು; ಜೊತೆಗೆ ಬೇಳೆಯೂ ಹಾಲೂ ಸೇರಿದರೆ ಮಗುವಿಗೆ ಬೇಕಾದುದು ದೊರೆಯುತ್ತದೆ. ಇದನ್ನು ಒದಗಿಸುವ ಹೊಣೆ ಹೊತ್ತವನ ಮಾತಿಗೆ ಲೋಕ ಕಿವಿಗೊಡುತ್ತದೆ.

ಇನ್ನು ಮಾಡತಕ್ಕುದನ್ನು ಹೇಳುತ್ತೇನೆ. ಪ್ರತಿಯೊಂದು ನೋಂಪಿಯ ಉದ್ಯಾಪನೆಯಲ್ಲಿಯೂ ಬಸದಿಗೆ ಅರ್ಪಿಸುವ ಉಪಕರಣಗಳ ಜೊತೆಗೆ, ಒಂದು ಬಡಕುಟುಂಬದ ಬಸುರಿಗೆ ಹೆರಿಗೆಯವರೆಗೆ ಬೇಕಾಗುವ ಬೇಳೆ, ರಾಗಿ, ಹಾಲುಗಳ ವೆಚ್ಚವನ್ನು ಸಂಕಲ್ಪಿಸಿರಿ. ಬಸದಿಯ ಸಮಿತಿಯವರು ಅಂಗನವಾಡಿಯ ಕಾರ್ಯಕರ್ತೆಯನ್ನು ಕಂಡು, ತೂಕ ಕಡಮೆಯಿರುವ ಮಕ್ಕಳೆಷ್ಟೆಂದು ಕೇಳಿ ತಿಳಿದು, ಅವಳ ಮೂಲಕವೇ ಅವರಿಗೆ ಬೇಕಾದುದನ್ನು ತಲುಪಿಸಲಿ. ಕೊಟ್ಟವರ ಹೆಸರಿನ ಹಲಗೆ ಬೇಡ. ವರ್ಷಕ್ಕೆ ಎರಡು ಸಲ ಬಸದಿಯ ಅಂಗಳದಲ್ಲಿ ಸ್ತ್ರೀಯರ ರಕ್ತಪರೀಕ್ಷೆ ನಡೆಯಲಿ. ರಕ್ತಹೀನತೆ ಕಂಡವರಿಗೆ ವೈದ್ಯರು ಹೇಳಿದ ಔಷಧ ದೊರೆಯುವಂತೆ ನೋಡಿಕೊಳ್ಳುವುದೇ ಔಷಧದಾನ. ಮನೆಗಳಲ್ಲಿ ಸೊಸೆಯೂ ಅತ್ತೆಯೂ ಒಂದೇ ಪಂಕ್ತಿಯಲ್ಲಿ, ಸೂರ್ಯನಿರುವಾಗಲೇ, ಉಣ್ಣಲಿ. ರಾತ್ರಿಭೋಜನ ತ್ಯಾಗ ಎಲ್ಲರಿಗೂ ವಿಹಿತ. ಎಲ್ಲರಿಗೂ ಬಡಿಸುತ್ತ ಹೊತ್ತು ಮುಳುಗಿಹೋಗಿ ಅವಳೊಬ್ಬಳು ಹಸಿದು ಮಲಗುವುದು ಆ ವ್ರತದ ಫಲವಾಗಬಾರದು.

ದಶಲಕ್ಷಣ ಪರ್ವದ ಏಳನೆಯ ದಿನ ನಾವು ಉತ್ತಮ ತಪವನ್ನು ಆರಾಧಿಸುತ್ತೇವೆ. ಎಂಟನೆಯ ದಿನ ಉತ್ತಮ ತ್ಯಾಗವನ್ನು. ತಪದ ಮರುದಿನವೇ ತ್ಯಾಗ ಬರುತ್ತದೆ. ಏಳನೆಯ ದಿನ ನಮ್ಮ ತಟ್ಟೆಯಲ್ಲಿ ಉಳಿದ ಅನ್ನ ಎಂಟನೆಯ ದಿನ ಯಾರ ತಟ್ಟೆಗೆ ಸೇರಿತೆಂದು ಪ್ರತಿಯೊಬ್ಬ ವ್ರತಿಯೂ ತನ್ನನ್ನು ಕೇಳಿಕೊಳ್ಳಲಿ. ಅದಕ್ಕೆ ಒಂದು ಮಗುವಿನ ಮುಖ ಉತ್ತರವಾಗಿ ನೆನಪಿಗೆ ಬಂದರೆ ನೋಂಪಿ ಪೂರ್ಣವಾಯಿತೆಂದು ತಿಳಿಯಿರಿ.

ಸಕಲ ಜೀವರಾಶಿಗೂ ಮಂಗಳವಾಗಲಿ.