ಚಿಪ್ಪಿನ ಮೇಲೊಂದು ಗೆರೆ, ಕೆಳಗೊಂದು ಗೆರೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ತೀರದಲ್ಲಿ ಸಮುದ್ರ ತೀರಾ ಹಿಂದೆ ಸರಿಯುವ ದೊಡ್ಡ ಇಳಿತದ ದಿನ ಸಲಿಕೆ ಹಿಡಿದವರ ಸಾಲು ಕಾಣುತ್ತದೆ. ಮರಳಿನಿಂದ ಚಿಳ್ಳನೆ ನೀರು ಚಿಮ್ಮಿತೋ, ಅಡಿಯಲ್ಲಿ ಗೂಯಿಡಕ್ ಎಂಬ ಚಿಪ್ಪುಜೀವಿ ಇರಬಹುದು. ನಮ್ಮ ಕರಾವಳಿಯ ಮರುವಾಯಿ ಬೊಗಸೆಗೆ ಹತ್ತಾರು ಸಿಗುತ್ತದೆ. ಇದು ಒಂದೊಂದೂ ಸುಮಾರು ಒಂದು ಕಿಲೋ. ಚಿಪ್ಪು ಇರುವುದು ಎರಡು ಮೂರು ಅಡಿ ಆಳದಲ್ಲಿ, ಅದರೊಳಗೆ ಹಿಡಿಸಲಾರದ ಉದ್ದನೆಯ ಕತ್ತು ಮಾತ್ರ ಮೇಲಕ್ಕೆ. ಕತ್ತು ಹಿಡಿದೆಳೆದರೆ ಹರಿದೇ ಹೋಗುತ್ತದೆ. ಬೋರಲು ಮಲಗಿ, ಗುಂಡಿಯೊಳಗೆ ಭುಜದವರೆಗೆ ಕೈ ಇಳಿಸಿ, ಚಿಪ್ಪಿನ ಸುತ್ತಲ ಮರಳನ್ನು ಬಿಡಿಸಬೇಕು.

ಇದನ್ನು ಕೊಲ್ಲುವುದು ಹಿಂಸೆಯೇ?

ಚಿಪ್ಪುಜೀವಿಗೆ ಮಿದುಳಿಲ್ಲ, ಕೆಲವು ನರಗಂಟುಗಳಿವೆ ಅಷ್ಟೆ. ನೋವನ್ನೇ ಅಳತೆಗೋಲು ಮಾಡಿಕೊಂಡ ತತ್ತ್ವಜ್ಞಾನಿ ಪೀಟರ್ ಸಿಂಗರ್, 1975ರ ‘ಅನಿಮಲ್ ಲಿಬರೇಶನ್’ನಲ್ಲಿ ತಿನ್ನಬಾರದ್ದಕ್ಕೂ ತಿನ್ನಬಹುದಾದ್ದಕ್ಕೂ ನಡುವಿನ ಗೆರೆಯನ್ನು ಸಿಗಡಿಗೂ ಆಯ್ಸ್ಟರ್‌ಗೂ ಮಧ್ಯೆ ಎಲ್ಲೋ ಎಳೆದರು. 1990ರ ಆವೃತ್ತಿಯಲ್ಲಿ, ಆಯ್ಸ್ಟರ್‌ನಂಥ ಚಿಪ್ಪುಜೀವಿಗಳಿಗೆ ನೋವಿಲ್ಲವೆಂದು ಖಚಿತವಾಗಿ ಹೇಳಲಾಗದೆಂದು ಆ ಗೆರೆಯನ್ನು ಅಳಿಸಿದರು.

ಜೈನರ ಲೆಕ್ಕ ಇಂದ್ರಿಯಗಳದ್ದು. ಗಿಡಮರ ಏಕೇಂದ್ರಿಯ, ಶಂಖ, ಚಿಪ್ಪು, ಹುಳುಗಳು ಸ್ಪರ್ಶ ಮತ್ತು ರುಚಿಯುಳ್ಳ ದ್ವೀಂದ್ರಿಯ. ದ್ವೀಂದ್ರಿಯದಿಂದ ಮೇಲಕ್ಕೆ ಎಲ್ಲವೂ ತ್ರಸ, ಅಂದರೆ ಚಲಿಸುವ ಜೀವಿಗಳು. ಅವನ್ನು ಸಂಕಲ್ಪಿಸಿ ಕೊಲ್ಲುವ ಹಾಗಿಲ್ಲ ಎಂಬ ನಿಯಮ ಮುನಿಗಳಿಗಷ್ಟೇ ಅಲ್ಲ, ಅಣುವ್ರತ ಹಿಡಿದ ಗೃಹಸ್ಥನಿಗೂ ಇದೆ. ಸಿಂಗರ್ ಎಳೆದಿದ್ದ ಗೆರೆ ಚಿಪ್ಪಿನ ನೆತ್ತಿಯ ಮೇಲೆ ಹಾದುಹೋದರೆ ಜೈನರ ಗೆರೆ ಅದರ ಬುಡದಲ್ಲೇ ಹಾಯುತ್ತದೆ. ಅನುಮಾನ ಬಂದಾಗ ಜೀವದ ಕಡೆ ವಾಲುವುದರಲ್ಲಿ ಜೈನರೇ ಮುಂದು. ಸಿಂಗರ್ ಅಲ್ಲಿಗೆ ತಲುಪಲು ಹದಿನೈದು ವರ್ಷ ಬೇಕಾಯಿತು.

ಒಂದು ತಮಾಷೆಯೂ ಇದೆ. ಜೈನ ಗ್ರಂಥಗಳು ದ್ವೀಂದ್ರಿಯಕ್ಕೆ ಕೊಡುವ ಪರಮಾಯುಷ್ಯ 12 ವರ್ಷ. ಚಿಪ್ಪಿನ ಉಂಗುರಗಳನ್ನು ಎಣಿಸಿದ ವಿಜ್ಞಾನಿಗಳಿಗೆ 168 ವರ್ಷದ ಗೂಯಿಡಕ್ ಸಿಕ್ಕಿದೆ! ಸಲಿಕೆ ಹಿಡಿದವನ ಮುತ್ತಜ್ಜನಿಗಿಂತ ಹಿರಿಯ ಜೀವ ಅದು. ನೋವಿನ ಲೆಕ್ಕದಲ್ಲಾಗಲಿ ಇಂದ್ರಿಯದ ಲೆಕ್ಕದಲ್ಲಾಗಲಿ ಈ ಹಿರಿತನಕ್ಕೆ ಅಂಕವಿಲ್ಲ.

ವಾಷಿಂಗ್ಟನ್ ರಾಜ್ಯದ ಕಾನೂನಿಗೆ ಈ ಜಿಜ್ಞಾಸೆ ಬೇಕಿಲ್ಲ. ದಿನಕ್ಕೆ ಮೂರು, ಅದೂ ಮೊದಲು ಸಿಕ್ಕ ಮೂರು. ಸಣ್ಣದೆಂದೋ ಒಡೆದಿದೆಯೆಂದೋ ಬಿಟ್ಟು ಇನ್ನೊಂದನ್ನು ಅಗೆಯುವಂತಿಲ್ಲ. ಬೆಳೆದ ಗೂಯಿಡಕ್ ಒಮ್ಮೆ ಹೊರಬಂದರೆ ಮತ್ತೆ ಮರಳಿಗೆ ಇಳಿಯಲಾರದು.

ಮನೆಯಲ್ಲಿ ಅದನ್ನು ಕುದಿಯುವ ನೀರಿಗೆ ಕೆಲವೇ ಸೆಕೆಂಡು ಅದ್ದುತ್ತಾರೆ. ಚಿಪ್ಪು ಸಡಿಲಾಗಿ, ಕತ್ತಿನ ಸಿಪ್ಪೆ ಕಾಲ್ಚೀಲದಂತೆ ಜಾರಿಬರುತ್ತದೆ. ಕತ್ತನ್ನು ತೆಳ್ಳಗೆ ಹೆಚ್ಚಿ ಹಸಿಯಾಗಿಯೇ ತಿನ್ನುವವರಿದ್ದಾರೆ. ಹರಿದು ಒಡೆದದ್ದನ್ನು ಸಣ್ಣಗೆ ಕೊಚ್ಚಿ ಆಲೂಗಡ್ಡೆ, ಹಾಲು ಬೆರೆತ ಚೌಡರ್ ಎಂಬ ಗಟ್ಟಿ ಸೂಪಿಗೆ ಹಾಕುತ್ತಾರೆ.