ಮಗುವಿನ ಗುಟ್ಟೂ ಅಮಾನತ್

“ಸಾರ್, ಯಾರ್ಗೂ ಹೇಳ್ಬೇಡಿ” ಎಂದು ನಂಜನಗೂಡಿನಲ್ಲಿ ನಾಲ್ಕನೆಯ ತರಗತಿಯ ಹುಡುಗನೊಬ್ಬ ನನ್ನ ಕಿವಿಯಲ್ಲಿ ಉಸುರಿದ. ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಮಾರ್ಕ್ಸ್ ಕಾರ್ಡಿಗೆ ಅಬ್ಬಾನ ಸಹಿಯನ್ನು ತಾನೇ ಹಾಕಿದ್ದನಂತೆ. ಆದರೆ ಇದಕ್ಕಿಂತ ಘೋರವಾದುದೇನಾದರೂ ಹೊರಬಿದ್ದಿದ್ದರೆ ಆ ಮಾತನ್ನು ಉಳಿಸಿಕೊಳ್ಳಬೇಕಿತ್ತೇ, ಮುರಿಯಬೇಕಿತ್ತೇ?

ಗುಟ್ಟು ಅಮಾನತ್ ಎಂಬುದರಲ್ಲಿ ಸಂಶಯವಿಲ್ಲ. ಬಾಲಕ ಅನಸ್‌ರನ್ನು(ರ) ಪ್ರವಾದಿವರ್ಯರು(ಸ) ಒಮ್ಮೆ ಒಂದು ಕೆಲಸಕ್ಕೆ ಕಳುಹಿಸಿದ್ದರು. ಮನೆಗೆ ತಡವಾಗಿ ಬಂದ ಮಗನನ್ನು ತಾಯಿ ವಿಚಾರಿಸಿದಾಗ, ಅದು ಗುಟ್ಟೆಂದರು. ಆ ತಾಯಿ ಮತ್ತೆ ಕೆದಕಲಿಲ್ಲ; ಯಾರಿಗೂ ಹೇಳಬೇಡವೆಂದೇ ಬುದ್ಧಿ ಹೇಳಿದರು.

ಆದರೆ ಮಗುವಿಗೇ ಹಾನಿ ಮಾಡುವ ಗುಟ್ಟನ್ನು ಕಾಯುವುದು ಅಮಾನತ್ ಅಲ್ಲ, ದ್ರೋಹ. ಆದುದರಿಂದಲೇ ಕೆಲಸ ಬಲ್ಲ ಆಪ್ತಸಮಾಲೋಚಕರು, “ನಿನ್ನ ಮಾತು ನನ್ನಲ್ಲೇ ಇರುತ್ತದೆ, ಆದರೆ ಯಾರಾದರೂ ನಿನ್ನನ್ನು ನೋಯಿಸುತ್ತಿದ್ದರೆ, ಕಾಪಾಡುವವರಿಗೆ ತಿಳಿಸುತ್ತೇನೆ” ಎಂದು ಮೊದಲೇ ಹೇಳಿಬಿಡುತ್ತಾರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆಯೂ ವಿಧಿಸುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು.

ನಾನು ಆ ಎಚ್ಚರಿಕೆಯಿಲ್ಲದೆ ಮಾತು ಕೊಟ್ಟಿದ್ದೆ. ಮರುದಿನ ಹುಡುಗನನ್ನು ಕರೆದು, ಅವನೇ ಅಬ್ಬಾನಿಗೆ ಹೇಳುವಂತೆ ಒಪ್ಪಿಸಿದೆ. ಜೊತೆಗೆ ನಾನೂ ನಿಂತೆ. ಸತ್ಯ ಬಯಲಾಯಿತು, ಮಾತೂ ಉಳಿಯಿತು.

ನಮ್ಮ ಸಣ್ಣ ಊರುಗಳ ಪ್ರಾಥಮಿಕ ಶಾಲೆಗಳಲ್ಲಿ ಆಪ್ತಸಮಾಲೋಚಕರು ಅಪರೂಪ. ಶಾಲೆಯಲ್ಲಿ ಆ ಹೊಣೆ ಶಿಕ್ಷಕರದು, ಮನೆಯಲ್ಲಿ ನಿಮ್ಮದು. ಮಗು ಬಂದು ಪಿಸುಗುಟ್ಟಿದಾಗ ಕೈಯಲ್ಲಿರುವ ಕೆಲಸ ಬಿಟ್ಟು ಕುಳಿತು ಕೇಳಿರಿ. ಇಂದು ಸಣ್ಣದನ್ನು ಕೇಳದವರ ಬಳಿ ನಾಳೆ ದೊಡ್ಡದನ್ನು ಅದು ಹೇಳಲಾರದು.