ಉಪಕಾರವೂ ಉದ್ದೇಶವೂ

ಉಂಡ ಮನೆಯ ಜಂತೆ ಎಣಿಸಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತು ಒಳ್ಳೆಯದೇ. ಆದರೆ ಇಕ್ಕಿದವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಉಂಡವನು ಯೋಚಿಸಲೇಬಾರದೆ? ಯೋಚಿಸಿದರೆ ಅದು ಕೃತಘ್ನತೆಯೆ? ನಮ್ಮ ಧಾರವಾಡದ ಸೀಮೆಯಲ್ಲಿ ಕ್ರೈಸ್ತ ಪಾದ್ರಿಗಳ, ಸಿಸ್ಟರುಗಳ ನೆನಪು ತೆಗೆದಾಗಲೆಲ್ಲ ಈ ಪ್ರಶ್ನೆ ಹೊಸ್ತಿಲಲ್ಲಿಯೇ ಬಂದು ನಿಲ್ಲುತ್ತದೆ. ಒಬ್ಬರು ಅವರನ್ನು ದೇವಮಾನವರೆನ್ನುತ್ತಾರೆ. ಇನ್ನೊಬ್ಬರು ಗಾಳಕ್ಕೆ ಸಿಕ್ಕಿಸಿದ ಎರೆಯ ಮಾತನ್ನಾಡುತ್ತಾರೆ. ಎರಡೂ ಕಡೆಯವರಿಗೆ ಒಂದು ಸುಖವಿದೆ. ಇಬ್ಬರೂ ಹೆಚ್ಚು ತಿಳಿದುಕೊಳ್ಳಬೇಕಾದ ಕಾರಣವಿಲ್ಲ.

ಈ ಪ್ರಶ್ನೆಯನ್ನು ಹೊರಗಿನವರು ಕೇಳುವುದಕ್ಕೆ ಮೊದಲೇ ತನಗೆ ತಾನೇ ಕೇಳಿಕೊಂಡ ಪಾದ್ರಿಯೊಬ್ಬನಿದ್ದ. ಫ್ರಾನ್ಸಿನ ಅಬ್ಬೆ ದುಬುವಾ 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಮೈಸೂರು ಸೀಮೆಯ ಕೆಥೊಲಿಕರ ನಡುವೆ ನೆಲೆಸಿದ. ಕಾವಿ ಉಟ್ಟ, ಮಾಂಸ ಬಿಟ್ಟ. ಜನ ಅವನನ್ನು ದೊಡ್ಡಸ್ವಾಮಿಯವರು ಎಂದು ಕರೆದರು. 1803–04ರ ಸುಮಾರಿಗೆ ಸಿಡುಬಿನ ದೇವಿ ಹಾಕಿಸುವ ಕೆಲಸಕ್ಕೆ ನಿಂತು, 25 ಸಾವಿರಕ್ಕೂ ಹೆಚ್ಚು ಜನಕ್ಕೆ ಹಾಕಿಸಿದ. ದೇವಿ ಹಾಕಿಸಿಕೊಂಡವರಲ್ಲಿ ಎಲ್ಲ ಮತದವರೂ ಇದ್ದರು. ಇಷ್ಟಾಗಿಯೂ 1823ರಲ್ಲಿ ಸ್ವದೇಶಕ್ಕೆ ಮರಳಿದಾಗ ಆತ ಪ್ರಕಟಿಸಿದ್ದೇನು? ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತೆಂದು! ಮೂವತ್ತು ವರ್ಷದ ಬಾಳನ್ನು ಯಾವ ಕಾರ್ಯಕ್ಕಾಗಿ ಸವೆಸಿದನೋ ಆ ಕಾರ್ಯವೇ ಕೈಗೂಡಲಿಲ್ಲವೆಂದು ತಾನೇ ಬರೆದುಕೊಟ್ಟ. ಅವನು ಸೋತನೆಂದುಕೊಂಡ ಕೆಲಸ ಯಾವುದು, ಅವನಿಂದ ಜನಕ್ಕೆ ಆದದ್ದು ಯಾವುದು, ನೋಡಿರಿ. ಸಿಡುಬಿನಿಂದ ಉಳಿದ ಕೂಸಿಗೆ ಅವನ ಸೋಲಿನ ಲೆಕ್ಕ ಯಾತಕ್ಕೆ ಬೇಕು?

ಹಾಗೆಂದ ಮಾತ್ರಕ್ಕೆ ಉದ್ದೇಶವನ್ನು ಪಕ್ಕಕ್ಕೆ ಸರಿಸಿ, ಫಲವನ್ನಷ್ಟೇ ಎಣಿಸಿದರೆ ಸಾಕೆ? ಸಾಲದೆಂದೇ ನನ್ನ ಅಭಿಪ್ರಾಯ. 1876ರಿಂದ 1878ರವರೆಗಿನ ಬರಗಾಲ ನಮ್ಮ ಜಿಲ್ಲೆಯ ಎರೆಭೂಮಿಯನ್ನು ಸುಟ್ಟಿತು. ಜೋಳವಿಲ್ಲದ ಕಣಜ, ಹತ್ತಿಯಿಲ್ಲದ ಹೊಲ, ದಿಕ್ಕಿಲ್ಲದ ಮಕ್ಕಳು. ಅಂಥ ಮಕ್ಕಳನ್ನು ಅಲ್ಲಲ್ಲಿಯ ಮಿಷನ್ನುಗಳು ಅನಾಥಾಲಯಗಳಲ್ಲಿ ಕೂಡಿಸಿಕೊಂಡು, ಹೊಟ್ಟೆಗಿಟ್ಟು, ಓದು ಕಲಿಸಿ, ಕ್ರೈಸ್ತರನ್ನಾಗಿ ಬೆಳೆಸಿದವು. ಆರು ವರ್ಷದ ಮಗು ತನ್ನ ಮತವನ್ನು ತಾನಾಗಿ ಆರಿಸಿಕೊಂಡಿತೆಂದು ಯಾರೂ ಹೇಳಲಾರರು. ತಾಯಿಯಿದ್ದಿದ್ದರೆ ಒಪ್ಪುತ್ತಿದ್ದಳೆ? ಬಹುಶಃ ಇಲ್ಲ. ಈ ಮಾತು ಮುಚ್ಚಿಡುವಂಥದಲ್ಲ. ಮಿಷನ್ನಿನ ಉಪಕಾರವನ್ನು ಹೊಗಳುವವರು ಇದನ್ನು ನುಂಗಿಕೊಳ್ಳಬಾರದು. ಆದರೆ ಈ ಆಕ್ಷೇಪವನ್ನು ಎತ್ತುವವರೂ ಇನ್ನೊಂದು ಪ್ರಶ್ನೆಗೆ ನಿಂತು ಉತ್ತರ ಕೊಡಬೇಕಾಗುತ್ತದೆ: ಅದೇ ದಾರಿಯಲ್ಲಿ ಹಾದುಹೋದ ಉಳಿದವರು ಆ ಮಗುವನ್ನೇಕೆ ಎತ್ತಿಕೊಳ್ಳಲಿಲ್ಲ? ಅದು ಯಾವ ಕೇರಿಯದೆಂದು ಕೇಳಿದಮೇಲೆ ಮುಂದಕ್ಕೆ ಹೋದವರೆಷ್ಟು? ಎತ್ತಿಕೊಂಡವನ ಉದ್ದೇಶ ಬೆರಕೆಯದಿರಬಹುದು. ಎತ್ತಿಕೊಳ್ಳದವನ ಉದ್ದೇಶವನ್ನು ಶುದ್ಧವೆನ್ನೋಣವೆ?

ನಿಷ್ಕಾಮ ಕರ್ಮವೆಂಬ ದೊಡ್ಡ ಅಳತೆಗೋಲು ನಮ್ಮಲ್ಲಿದೆ. ಅದನ್ನು ಪರರನ್ನಳೆಯಲು ಬಳಸುವಷ್ಟು ಸಲೀಸಾಗಿ ನಮ್ಮನ್ನು ನಾವು ಅಳೆದುಕೊಳ್ಳಲು ಬಳಸುವುದಿಲ್ಲ. ಧರ್ಮಛತ್ರದ ಗೋಡೆಗೆ ತಂದೆಯ ಹೆಸರಿನ ಕಲ್ಲು ಕೂಡಿಸುವವನೂ, ಪುಣ್ಯಕ್ಕಾಗಿ ಅನ್ನಸಂತರ್ಪಣೆ ಮಾಡುವವನೂ ಏನೋ ಒಂದನ್ನು ಬಯಸಿಯೇ ಮಾಡುತ್ತಾನೆ. ಪಾದ್ರಿ ಬಯಸಿದ್ದು ಇನ್ನೊಬ್ಬನ ಆತ್ಮವನ್ನು ಎಂಬುದು ವ್ಯತ್ಯಾಸ, ಅದು ಸಣ್ಣ ವ್ಯತ್ಯಾಸವೇನಲ್ಲ. ಅನ್ನ ಕೊಟ್ಟವನು ಹೆಸರನ್ನು ಕೇಳಿದರೆ ಕೊಡಬಹುದು. ನಂಬಿಕೆಯನ್ನು ಕೇಳಿದರೆ ಕೊಡುವವನು ಬಗ್ಗಬೇಕಾಗುತ್ತದೆ. ಆದ್ದರಿಂದ ನನಗೆ ತೋರುವ ಕೊನೆಯ ಪರೀಕ್ಷೆ ಇಷ್ಟು: ಕೇಳಿದ್ದು ಸಿಗದೆ ಹೋದಮೇಲೂ ಆತ ಕೊಡುತ್ತ ಇದ್ದನೆ? ಜರ್ಮನಿಯ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನಲ್ಲಿ ಹೋಮಿಯೋಪಥಿ ಔಷಧಿ ಹಂಚಲು ತೊಡಗಿ, 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಸ್ವಂತ ಮನೆಯವರೇ ಹೊರಗೆ ಹಾಕಿದವರ ಹುಣ್ಣನ್ನು ತೊಳೆಯುವ ಆ ಕೆಲಸದಲ್ಲಿ, 1910ರಲ್ಲಿ ತೀರಿಕೊಳ್ಳುವವರೆಗೂ ತೊಡಗಿದ್ದರು. ಇಲ್ಲಿ ಪರೀಕ್ಷೆಗೆ ಉತ್ತರ ಸಿಗುತ್ತದೆ.

ನಮ್ಮ ಧಾರವಾಡದಲ್ಲಿಯೇ ಇನ್ನೊಂದು ಉತ್ತರವುಂಟು. ಅದು ಪ್ರಾಟೆಸ್ಟಂಟರ ಬಾಸೆಲ್ ಮಿಷನ್ನಿನದು. ಕಿಟ್ಟೆಲ್ಲರು 1853ರಲ್ಲಿ ಸುವಾರ್ತೆ ಸಾರಲೆಂದು ಇಲ್ಲಿಗೆ ಬಂದವರು. 1894ರಲ್ಲಿ ಕನ್ನಡಿಗರ ಕೈಗೆ ಬಂದದ್ದು ಕನ್ನಡ–ಇಂಗ್ಲಿಷ್ ನಿಘಂಟು. ಕನ್ನಡ ಕಲಿಸುವ ನಮ್ಮಂಥವರು ದಿನ ಬೆಳಗಾದರೆ ಆ ಮನೆಯ ಜೋಳವನ್ನೇ ಬೀಸುತ್ತೇವೆ. ಅದನ್ನು ಬೀಸುವಾಗ ಯಾರಿಗೂ ಮತದ ಯೋಚನೆ ಬರುವುದಿಲ್ಲ. ಪಂಪನನ್ನು ಓದುವಾಗಲೂ ಬರುವುದಿಲ್ಲವಷ್ಟೆ? ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕುರಿಕ್ಯಾಲದ ಶಾಸನ ತಿಳಿಸುತ್ತದೆ. ತಂದೆಯ ಕಡೆಯವರು ವೈದಿಕ ಬ್ರಾಹ್ಮಣರು, ತಂದೆ ಜೈನನಾದ. ಆ ಕಾಲಕ್ಕೆ ಬಂಧುಗಳಲ್ಲಿ ಎಷ್ಟು ಮನಸ್ತಾಪವೆದ್ದಿತೋ! ಸಾವಿರ ವರ್ಷ ಕಳೆದಮೇಲೆ ನಮಗೆ ಉಳಿದದ್ದು ಕಾವ್ಯ. ಮತಾಂತರದ ಮಾತು ಬಂದೊಡನೆ ಮೈಮೇಲೆ ಬಂದವರಂತೆ ಆಡುವವರಿಗೆ ಅಣ್ಣಿಗೇರಿಯ ಈ ನಂಟನ್ನು ಒಮ್ಮೆ ನೆನಪು ಮಾಡಿಕೊಡಬೇಕೆನಿಸುತ್ತದೆ.

ನವಲಗುಂದದಲ್ಲಿ ಇದಕ್ಕಿಂತಲೂ ಸೊಗಸಾದ ಸಂಗತಿಯಿದೆ. ಅಲ್ಲಿಯ ಅಜಾತ ನಾಗಲಿಂಗಸ್ವಾಮಿಗಳ ಮಠದಲ್ಲಿ ತೂತು ಬಿದ್ದ ಒಂದು ಬೈಬಲ್ ಇದೆ. ಕ್ರೈಸ್ತ ಬೋಧಕನೊಬ್ಬನೊಡನೆ ವಾದ ನಡೆದಾಗ ಸ್ವಾಮಿಗಳು ಆ ಗ್ರಂಥವನ್ನು ತಿವಿದು ತೂತು ಮಾಡಿದರೆಂದೂ, ಆ ತೂತು ತಾನಾಗಿಯೇ ಮುಚ್ಚುತ್ತ ಬರುವುದೆಂದು ನುಡಿದರೆಂದೂ ಜನ ಹೇಳುತ್ತಾರೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಸೋಜಿಗವೆನಿಸುವುದು ಬೇರೆ. ವಾದದಲ್ಲಿ ಎದುರಾಳಿಯದಾಗಿದ್ದ ಗ್ರಂಥವನ್ನು ಸುಡಲಿಲ್ಲ, ಕೆರೆಗೆ ಎಸೆಯಲಿಲ್ಲ. ಒಪ್ಪದೆ ತಿವಿದರು, ತಿವಿದದ್ದನ್ನು ಮಠದೊಳಗೆ ಇಟ್ಟುಕೊಂಡರು. ಕುಂದಗೋಳ ತಾಲೂಕಿನ ಕಳಸದಲ್ಲಿ ಗೋವಿಂದಭಟ್ಟರು ಶಿಶುನಾಳದ ಶರೀಫನನ್ನು ಶಿಷ್ಯನನ್ನಾಗಿ ಮಾಡಿಕೊಂಡ ನಾಡಿಗೆ ಇದೇನೂ ಅಪರೂಪವಲ್ಲವೆನ್ನಿ. ಕಲಘಟಗಿಯ ಕಾಡಂಚಿನಿಂದ ಹಳಿಯಾಳ, ಯಲ್ಲಾಪುರಗಳವರೆಗೆ ಹರಡಿರುವ ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ.

ಇನ್ನು ಸಿಸ್ಟರುಗಳ ಮಾತು. ಪಾದ್ರಿಗೆ ಪುಸ್ತಕವಾದರೂ, ಕಟ್ಟಡದ ಮೇಲಿನ ಹೆಸರಾದರೂ ಉಳಿದೀತು. ಇವರಿಗೆ ಅದೂ ಇಲ್ಲ. ವ್ರತ ತೊಡುವಾಗ ತಾಯಿತಂದೆ ಇಟ್ಟ ಹೆಸರನ್ನು ಬಿಟ್ಟು ಯಾವಳೋ ಸಂತಳ ಹೆಸರು ತಳೆಯುವುದು ಬಹುಕಾಲ ವಾಡಿಕೆಯಾಗಿತ್ತು. ಎರಡು ಮೂರು ವರ್ಷಕ್ಕೆ ವರ್ಗವಾಗಿ ಹೋದರೆ ಊರಿನವರ ಬಾಯಲ್ಲಿ ಉಳಿಯುವುದು ‘ದೊಡ್ಡ ಸಿಸ್ಟರು’, ‘ದವಾಖಾನಿ ಸಿಸ್ಟರು’ ಎಂಬಷ್ಟೇ. ಅವರೆಲ್ಲ ಪರದೇಶದವರೆಂಬ ಭಾವನೆಯೂ ಸರಿಯಲ್ಲ. 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದಿಳಿದ ಅಪೊಸ್ತೊಲಿಕ್ ಕಾರ್ಮೆಲ್ ಪಂಥದವರು ವಿದೇಶೀಯರು, ನಿಜ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಬೇರೆಯಾಗಿ ಧಾರವಾಡ ಸೀಮೆ ಅದರೊಳಗೆ ಸೇರಿದಮೇಲೆ ಇಲ್ಲಿ ದುಡಿದವರಲ್ಲಿ ಗೋವೆಯವರು, ಮಂಗಳೂರು ಕಡೆಯವರು, ಕೇರಳದವರೇ ಬಹಳ. ಮನೆಯಲ್ಲಿ ಕೊಂಕಣಿಯನ್ನೋ ಮಲೆಯಾಳವನ್ನೋ ಆಡಿ ಬೆಳೆದ ಹುಡುಗಿ, ಮಳೆಯ ನಾಡನ್ನು ಬಿಟ್ಟು ಬಿರುಕು ಬಿಟ್ಟ ಕರಿನೆಲಕ್ಕೆ ಬಂದು, ‘ಹೊಟ್ಟಿ ನೂಸ್ತೈತ್ರಿ’ ಎಂಬ ಮುದುಕಿಯ ಮಾತನ್ನು ತಿಳಿಯಬೇಕಾಗಿತ್ತು. ಅದನ್ನು ಅವಳು ಯಾವ ವ್ಯಾಕರಣದಿಂದ ಕಲಿತಳು? ನಿಘಂಟು ಬರೆದವನಿಗೆ ಪ್ರತಿಮೆಯಿದೆ; ಈ ಕಲಿಕೆಗೆ ದಾಖಲೆಯಿಲ್ಲ.

ನಮ್ಮ ಕಾಲೇಜುಗಳ ಎಂ.ಎ. ವಿದ್ಯಾರ್ಥಿಗಳು ಅದೇ ನಾಲ್ಕು ಕವಿಗಳ ಮೇಲೆ ಪ್ರಬಂಧ ಬರೆದು ಬರೆದು ಬೇಸತ್ತಿದ್ದಾರೆ, ಓದುವ ನಾವೂ ಬೇಸತ್ತಿದ್ದೇವೆ. ಇಗರ್ಜಿಗಳಲ್ಲಿ ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಬರೆದಿಡುವ ಪುಸ್ತಕಗಳಿರುತ್ತವೆ. ಅನುಮತಿ ಪಡೆದು ಅವನ್ನು ನೋಡಬಹುದು. ಅದಕ್ಕಿಂತ ಮುಂಚೆ, ಸಿಸ್ಟರುಗಳ ಕೈಯಲ್ಲಿ ಓದಿದ, ಮದ್ದು ಕುಡಿದ, ಹೆರಿಗೆಯಾದ ಮುದುಕಿಯರು ಹಳ್ಳಿಗಳಲ್ಲಿ ಇನ್ನೂ ಇರುವಾಗಲೇ ಅವರ ಕಟ್ಟೆಗೆ ಹೋಗಿ ಕುಳಿತು ಕೇಳಬೇಕು: ಆಕಿ ನಿಮ್ಮ ಮನಿಯೊಳಗ ಉಣ್ತಿದ್ದಳೇನವ್ವ? ದೇವರ ಮಾತು ಹೇಳ್ತಿದ್ದಳೋ ಇಲ್ಲೋ? ಹೇಳಿದರ ನೀವು ಏನಂತಿದ್ದಿರಿ? ಬಂದ ಉತ್ತರ ಸಿಹಿಯಿರಲಿ ಕಹಿಯಿರಲಿ, ಅವರಾಡಿದ ಮಾತಿನಲ್ಲಿಯೇ ಬರೆದುಕೊಂಡು ಬರಬೇಕು.